ಉಮ್ಮ್ ಸಲಾಲಿನ ಹಾರನ್‌ಗಳು

ಉಮ್ಮ್ ಸಲಾಲಿನ ಆ ಹಿಂದಿನ ಬೀದಿಯಲ್ಲಿ ಕಾರಿನಿಂದ ಇಳಿದು ಚಹಾ ಕುಡಿಯುವ ಪದ್ಧತಿ ಇಲ್ಲ. ಕಾರು ತಂದು ಜಲೀಲನ ಕೆಫೆಟೇರಿಯಾದ ಮುಂದೆ ನಿಲ್ಲಿಸುವುದು, ಹಾರನ್ ಹೊಡೆಯುವುದು, ಕಿಟಕಿ ಇಳಿಸಿ ಬೆರಳು ತೋರಿಸುವುದು. ಒಂದು ಬೆರಳೆಂದರೆ ಒಂದು ಕರಕ್ ಚಹಾ, ಎರಡೆಂದರೆ ಎರಡು. ಜಲೀಲ್ ಓಡಿಹೋಗಿ ಕೊಟ್ಟು ಓಡಿಬರುತ್ತಾನೆ. ಕತಾರಿನಲ್ಲಿ ಎಲ್ಲ ಕಡೆಯೂ ಹೀಗೇ. ಆದರೆ ಜಲೀಲನನ್ನು ಕೇಳಿ ನೋಡಿ, ತನ್ನ ಅಂಗಡಿಯ ಮುಂದೆ ಬೀಳುವಷ್ಟು ಹಾರನ್ ಇಡೀ ದೋಹಾದಲ್ಲಿ ಬೀಳುವುದಿಲ್ಲ ಎನ್ನುತ್ತಾನೆ. ಅದನ್ನು ಹೇಳುವಾಗ ಅವನ ಮುಖ ನೋಡಬೇಕು, ಮಗನಿಗೆ ರ‍್ಯಾಂಕ್ ಬಂದವನ ಮುಖ.

ಹೆಮ್ಮೆಪಡಲು ಅವನಿಗೆ ಹಕ್ಕೂ ಇತ್ತು. ಉಪ್ಪಿನಂಗಡಿಯಿಂದ ಅವನು ಬಂದಿಳಿದಾಗ ಈ ಬೀದಿಗೆ ಬೀದಿ ಎನ್ನುವ ಹೆಸರೇ ಇರಲಿಲ್ಲ. ನಾಲ್ಕಾರು ಮನೆ, ಒಂದು ಮಸೀದಿ, ಅದರಾಚೆ ಖರ್ಜೂರದ ತೋಟ, ಈಚೆ ಬೂ ರಾಶಿದ್ ಎಂಬ ಕತಾರಿ ಹಿರಿಯರ ಆಡಿನ ಕೊಟ್ಟಿಗೆ. ದೋಹಾಕ್ಕೆ ಹೋಗುವುದೆಂದರೆ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುವ ಕಾಲ ಅದು. ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಜಲೀಲ್ ಚಹಾ ಕಾಯಿಸಲು ಶುರು ಮಾಡಿದಾಗ ಗಿರಾಕಿಗಳಿಗಿಂತ ಆಡುಗಳೇ ಹೆಚ್ಚು ಬರುತ್ತಿದ್ದವು.

ಆಮೇಲೆ ಹೆದ್ದಾರಿ ಬಂತು. ಕೊಟ್ಟಿಗೆ ಇದ್ದಲ್ಲಿ ಬೂ ರಾಶಿದ್ ಮೂರಂತಸ್ತಿನ ಕಟ್ಟಡ ಎಬ್ಬಿಸಿ, ಕೆಳಗಿನ ಮೂಲೆಯನ್ನು ಜಲೀಲನಿಗೆ ಬಾಡಿಗೆಗೆ ಕೊಟ್ಟರು. ತೋಟ ಇದ್ದಲ್ಲಿ ಸಾಲುಸಾಲು ವಿಲ್ಲಾಗಳೆದ್ದವು. ದೋಹಾದ ಬಾಡಿಗೆ ತಾಳಲಾರದವರೆಲ್ಲ ಇತ್ತ ಹರಿದು ಬಂದರು. ಈಗ ಬೆಳಕು ಹರಿಯುವ ಮೊದಲೇ ಬಿಳಿ ಬಸ್ಸುಗಳು ಬಂದು ನಿಲ್ಲುತ್ತವೆ. ಉತ್ತರಕ್ಕೆ ಹೋಗುವವು ಗ್ಯಾಸ್ ಪ್ಲಾಂಟಿನವರನ್ನು ಹೊತ್ತು ಹೋಗುತ್ತವೆ, ದಕ್ಷಿಣಕ್ಕೆ ಹೋಗುವವು ಆಫೀಸಿನವರನ್ನು. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ, ಕೈಯಲ್ಲಿ ಊಟದ ಬ್ಯಾಗು ಹಿಡಿದ, ಅರ್ಧ ಕಣ್ಣು ಮುಚ್ಚಿದ ಜನ. ಅವರಿಗೆಲ್ಲ ಕಣ್ಣು ಬಿಡಿಸುವುದು ಜಲೀಲನ ಚಹಾ. ಬಸ್ಸಿನವರು, ಕಾರಿನವರು, ಎಲ್ಲರೂ ಬಂದ ವಾರದೊಳಗೆ ಹಳಬರಿಂದ ಹಾರನ್ ಕಲಿತರು. ಸೂರ್ಯ ಮೇಲೇರುವ ಹೊತ್ತಿಗೆ ಊರು ಖಾಲಿ. ಸಂಜೆ ಮತ್ತೆ ಅದೇ ಬಸ್ಸುಗಳು ಅದೇ ಜನರನ್ನು ತಂದು ಸುರಿಯುತ್ತವೆ. ಹಗಲೆಲ್ಲ ಊರನ್ನು ಕಾಯುವವನು ತಾನೊಬ್ಬನೇ ಎಂದು ಜಲೀಲನಿಗೆ ಗಟ್ಟಿಯಾಗಿ ಅನ್ನಿಸಿತ್ತು. ಅವನ ಹೆಂಡತಿ ಝೊಹರಾಳಿಗೆ ಹಾಗೇನೂ ಅನ್ನಿಸಿರಲಿಲ್ಲ.

ಹೀಗಿರುವಾಗ ಒಂದು ದಿನ ಫ್ಲೋರಿನ್ ಅಂಗಡಿಗೆ ಬಂದಳು. ಎರಡನೇ ಅಂತಸ್ತಿಗೆ ಆಗಷ್ಟೇ ಬಂದ ಸಂಸಾರ, ಮಂಗಳೂರಿನ ಕಡೆಯವರು. ಗಂಡ ನೊರ್ಬರ್ಟ್ ಉತ್ತರದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವನು, ಇವಳು ದೋಹಾದ ಆಸ್ಪತ್ರೆಯಲ್ಲಿ ನರ್ಸು. ಮಧ್ಯಾಹ್ನ ಹೊರಟರೆ ನಡುರಾತ್ರಿ ದಾಟಿದ ಮೇಲೆ ಮನೆ. ಊರಿನವಳೆಂದು ಜಲೀಲ್ ಹಲ್ಲು ಕಿರಿದು ಚಹಾ ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಜಲೀಲಾಕ, ಒಂದು ಮಾತು ಹೇಳ್ಲಿಕ್ಕುಂಟು. ಬೇಜಾರು ಮಾಡ್ಬೇಡಿ. ನಿಮ್ಮ ಅಂಗಡಿಯ ಹಾರನ್ ಉಂಟಲ್ಲ, ಅದಕ್ಕೆ ಎಂತಾದ್ರೂ ಮಾಡಿ ಮಾರಾಯ್ರೆ. ನಾನು ಬಂದು ತಲೆದಿಂಬಿಗೆ ತಲೆ ಇಟ್ಟದ್ದೇ ತಡ, ಪೋಂ ಪೋಂ ಶುರು ಆಗ್ತದೆ."

"ಹಾರನ್ ನಂದಲ್ಲ ಸಿಸ್ಟರ್, ಕಾರಿನವರದ್ದು."

"ಕಾರಿನವರು ಬರೂದು ನಿಮ್ಮ ಚಹಾಕ್ಕೆ ಅಲ್ವಾ?"

ಜಲೀಲನಿಗೆ ಮೂಗಿನ ಮೇಲೆ ಸಿಟ್ಟು. "ನೋಡಿ ಸಿಸ್ಟರ್, ನೀವು ಬಂದದ್ದು ಮೊನ್ನೆ. ಈ ಹಾರನ್ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು."

"ಮೊದಲು ಬಂದವರಿಗೆ ಮಾತ್ರ ನಿದ್ರೆ ಅಂತ ರೂಲ್ಸ್ ಉಂಟಾ ಇಲ್ಲಿ?" ಫ್ಲೋರಿನ್ ದನಿ ಏರಿಸಲಿಲ್ಲ. "ಮೇಲೆ ಮೂರು ಮನೆಯಲ್ಲಿ ಸಣ್ಣ ಶಿಶುಗಳುಂಟು. ನಾವೆಲ್ಲ ಮಾತಾಡಿ ಆಗಿದೆ. ಈ ತಿಂಗಳು ನೋಡ್ತೇವೆ, ಆಮೇಲೆ ಒಟ್ಟಿಗೆ ಕಂಪ್ಲೇಂಟ್ ಕೊಡೂದೇ. ಮೊದಲೇ ಹೇಳಿದ್ದೇನೆ, ಮತ್ತೆ ಹಿಂದಿನಿಂದ ಮಾಡಿದ್ರು ಅಂತ ಹೇಳ್ಬೇಡಿ."

ಅವಳು ಹೋದಳು. ಚಹಾ ಹಾಗೇ ಆರಿತು. ಅವಳಿಗೆ ಗೊತ್ತಿಲ್ಲದ ಒಂದು ವಿಷಯ ಜಲೀಲನಿಗೆ ಗೊತ್ತಿತ್ತು. ಔಷಧಿ ಅಂಗಡಿಯ ಕಂಪನಿಯೊಂದು ಆ ಮೂಲೆಯ ಮೇಲೆ ಕಣ್ಣಿಟ್ಟು ಬೂ ರಾಶಿದ್ ಮನೆಗೆ ಎಡತಾಕುತ್ತಿತ್ತು. ಬೂ ರಾಶಿದ್ ಹಿಂದಿನ ತಿಂಗಳಷ್ಟೇ ಕಾರಿನ ಕಿಟಕಿಯಿಂದಲೇ ಹೇಳಿದ್ದರು: ನೀನಿರುವಷ್ಟು ದಿನ ಇರು ಜಲೀಲ್, ಆದರೆ ನನ್ನ ಕಟ್ಟಡದ ಮೇಲೆ ದೂರು ಬರಕೂಡದು, ಬಂದರೆ ಖಲಾಸ್. ತಮಾಷೆ ಏನೆಂದರೆ, ಇಡೀ ಬೀದಿಯಲ್ಲಿ ಅತಿ ಜೋರಾಗಿ ಹಾರನ್ ಹೊಡೆಯುವವರು ಬೂ ರಾಶಿದ್ ಅವರೇ.

ರಾತ್ರಿಯ ಊಟಕ್ಕೆ ಕುಳಿತಾಗ ಝೊಹರಾ ಎಲ್ಲ ಕೇಳಿಸಿಕೊಂಡಳು.

"ಹೋಗಿ ಬೂ ರಾಶಿದ್ ಹತ್ರ ಹೇಳಿ, ಹಾರನ್ ಹೊಡೀಬೇಡಿ ಅಂತ. ಅದಕ್ಕೆಂತ?"

"ನಿನಗೆ ಹೇಳ್ಲಿಕ್ಕೆ ಸುಲಭ. ಅವರ ಕಟ್ಟಡ, ಅವರ ಬೀದಿ, ಅವರ ಕಾರು. ನಾನು ಹೋಗಿ ಸದ್ದು ಮಾಡ್ಬೇಡಿ ಅಂತ ಹೇಳೂದಾ?"

"ಹಾಗಾದ್ರೆ ಆ ಹೆಣ್ಣುಮಗಳು ನಿದ್ರೆ ಬಿಡ್ಲಿ. ಆಸ್ಪತ್ರೆಯಲ್ಲಿ ತೂಕಡಿಸಿಕೊಂಡು ಯಾರಿಗಾದ್ರೂ ತಪ್ಪು ಸೂಜಿ ಚುಚ್ಚಲಿ," ಎಂದು ಝೊಹರಾ ಮೀನಿನ ಸಾರು ಬಡಿಸಿದಳು.

ಜಲೀಲ್ ಮೊದಲು ಬೋರ್ಡ್ ಹಾಕಿದ. ಇಂಗ್ಲಿಷು, ಅರಬ್ಬಿ, ಹಿಂದಿ, ಮಲಯಾಳ, ನಾಲ್ಕು ಭಾಷೆಯಲ್ಲಿ ಹಾರನ್ ಬೇಡವೆಂದು ಬರೆಸಿದ. ಜನ ಅದನ್ನು ಓದಿಯೇ ಹಾರನ್ ಹೊಡೆದರು. ಹಾಗಾಗಿ ಅವನು ಬೇರೆ ದಾರಿ ಹಿಡಿದ. ಚಹಾ ಕಾಯಿಸುವ ಕೆಲಸವನ್ನು ಪೂರ್ತಿ ಭಾವಮೈದ ನಿಯಾಝನಿಗೆ ವಹಿಸಿ ತಾನು ಬೀದಿಗಿಳಿದ. ಕತ್ತಲಿರುವಾಗಲೇ ರಸ್ತೆಯ ಅಂಚಿನಲ್ಲಿ ಟ್ರೇ ಹಿಡಿದು ನಿಂತ. ಕಾರು ನಿಲ್ಲುವುದರೊಳಗೆ, ಕೈ ಹಾರನ್ ಮುಟ್ಟುವುದರೊಳಗೆ, ಲೋಟ ಕಿಟಕಿಯಲ್ಲಿ. ಬೇಸಿಗೆ ಶುರುವಾಗಿತ್ತು, ಮುಂಜಾವಿನಲ್ಲೇ ಗಾಳಿ ಒಲೆಯ ಬಾಯಿಯಿಂದ ಬಂದಂತಿತ್ತು, ಅಂಗಿ ಬೆನ್ನಿಗೆ ಅಂಟುತ್ತಿತ್ತು. ಐವತ್ತು ದಾಟಿದ ಮಂಡಿಗಳು ದಿನಾ ತಕರಾರು ತೆಗೆದವು. ಆದರೂ ಅವನು ಬಿಡಲಿಲ್ಲ, ಯಾಕೆಂದರೆ ಉಪಾಯ ಫಲಿಸುತ್ತಿತ್ತು. ಒಂದೊಂದೇ ಹಾರನ್ ನಿಂತಿತು. ಬಸ್ಸಿನವರು ತಾವಾಗಿಯೇ ಮೆಲ್ಲಗೆ ಮಾತಾಡತೊಡಗಿದರು. ಹೊಸ ಊರಿನ ಜನ ಒಂದು ಸಣ್ಣ ಮರ್ಯಾದೆಯನ್ನು ಹೇಗೆ ಕಲಿತರೆಂದು ನೋಡಿ ಜಲೀಲನಿಗೆ ಒಳಗೊಳಗೇ ಖುಷಿ. ಇದೂ ತನ್ನಿಂದಲೇ ಎಂದು ಅವನು ಲೆಕ್ಕಕ್ಕೆ ಸೇರಿಸಿಕೊಂಡ.

ಉಳಿದದ್ದು ಒಂದೇ ಹಾರನ್. ಬೂ ರಾಶಿದ್ ಅಂಗಡಿಯ ಮುಂದೆ ಬಂದು ಹಾರನ್ ಹೊಡೆಯುವವರಲ್ಲ. ಮಸೀದಿಯ ತಿರುವಿನಲ್ಲೇ ಒಮ್ಮೆ ಒತ್ತಿ ಹಿಡಿದರೆ ಅಂಗಡಿ ಮುಟ್ಟುವವರೆಗೂ ಬಿಡುತ್ತಿರಲಿಲ್ಲ, ತಾವು ಬರುವಾಗ ಚಹಾ ಸಿದ್ಧವಿರಲಿ ಎಂದು.

ಅದಕ್ಕೂ ಜಲೀಲ್ ಉಪಾಯ ಹುಡುಕಿದ. ಫ್ಲಾಸ್ಕು ಹಿಡಿದು ಮಸೀದಿಯ ತಿರುವಿಗೇ ಹೋಗಿ ನಿಂತ. ದೊಡ್ಡ ಬಿಳಿ ಲ್ಯಾಂಡ್ ಕ್ರೂಸರ್ ತಿರುಗಿತು. ಜಲೀಲ್ ಕೈಯೆತ್ತಿದ. ಕಿಟಕಿ ಇಳಿಯಿತು.

"ಇಲ್ಲೇನು ಮಾಡುತ್ತಿದ್ದೀಯ? ಅಂಗಡಿ ಮುಚ್ಚಿದೆಯಾ?"

"ಮಾಫಿ ಮುಶ್ಕಿಲ್, ತೊಂದರೆ ಏನಿಲ್ಲ ಬಾಬಾ. ಶುಗರ್ ಉಂಟು, ಡಾಕ್ಟರ್ ನಡೆಯಲು ಹೇಳಿದ್ದಾರೆ," ಎಂದು ಜಲೀಲ್ ತನ್ನ ಕಲಸುಮೇಲೋಗರದ ಅರಬ್ಬಿಯಲ್ಲಿ ಹೇಳಿ ಚಹಾ ಬಗ್ಗಿಸಿ ಕೊಟ್ಟ.

ಸುಳ್ಳು ಒಂದು ವಾರ ನಡೆಯಿತು. ಬೂ ರಾಶಿದ್ ದಿನವೂ ಅವನ ಶುಗರ್ ವಿಚಾರಿಸಿದರು. ಒಂದು ದಿನ ಕಹಿ ಬೇರು ತಂದುಕೊಟ್ಟರು. ಇನ್ನೊಂದು ದಿನ ಮಗನಿಗೆ ಹೇಳಿ ದೊಡ್ಡ ಡಾಕ್ಟರನ್ನು ಗೊತ್ತು ಮಾಡುತ್ತೇನೆಂದರು. ಆ ಮುದುಕರ ಕಣ್ಣಿನಲ್ಲಿ ನಿಜವಾದ ಕಳವಳವಿತ್ತು. ಜಲೀಲನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಈ ಮನುಷ್ಯನ ಆಸರೆಯಲ್ಲಿ ಬಾಳಿ, ಒಂದು ನಿಜ ಹೇಳಲು ತನಗೆ ಇಷ್ಟು ಹೆದರಿಕೆಯೇ ಎನ್ನಿಸಿತು.

"ಬಾಬಾ, ನನಗೆ ಶುಗರ್ ಇಲ್ಲ," ಎಂದುಬಿಟ್ಟ. "ಮೇಲೊಬ್ಬಳು ನರ್ಸ್ ಮಲಗುತ್ತಾಳೆ. ರಾತ್ರಿ ರೋಗಿಗಳ ಹತ್ತಿರ ನಿಂತು ಬಂದಿರುತ್ತಾಳೆ. ಸಣ್ಣ ಮಕ್ಕಳೂ ಇದ್ದಾರೆ. ಬೀದಿಯವರೆಲ್ಲ ಹಾರನ್ ನಿಲ್ಲಿಸಿದ್ದಾರೆ. ನಿಮ್ಮದು ಮಾತ್ರ ಉಳಿದಿದೆ."

ಬೂ ರಾಶಿದ್ ಅವನನ್ನೇ ನೋಡಿದರು. ಚಾಚಿದ ಲೋಟವನ್ನು ತೆಗೆದುಕೊಳ್ಳಲಿಲ್ಲ. ಕಿಟಕಿ ಮೇಲೇರಿತು, ಕಾರು ಹೊರಟುಹೋಯಿತು. ಹಾರನ್ ಇರಲಿಲ್ಲ.

ಮಾರನೆಯ ದಿನ ಕಾರು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಔಷಧಿ ಕಂಪನಿಯವರು ಟೇಪು ಹಿಡಿದು ಬಂದು ಅಂಗಡಿಯ ಅಗಲ ಅಳೆಯುವುದನ್ನು ಜಲೀಲ್ ಹಗಲುಗನಸಿನಲ್ಲಿ ಮತ್ತೆಮತ್ತೆ ಕಂಡ. ನಿಯಾಝನ ಮೇಲೆ ಸುಮ್ಮಸುಮ್ಮನೆ ರೇಗಿದ.

"ಹೇಳಬಾರದಿತ್ತು," ಎಂದ ಝೊಹರಾಳಿಗೆ.

"ಹೇಳಿ ಆಯ್ತಲ್ಲ. ನಿಮ್ಮನ್ನು ಕಟ್ಟಿಕೊಂಡು ಇಷ್ಟು ವರ್ಷದಲ್ಲಿ ನೀವು ಒಬ್ಬ ದೊಡ್ಡ ಮನುಷ್ಯರಿಗೆ ನೆಟ್ಟಗೆ ಮಾತಾಡಿದ್ದು ಇದೇ ಮೊದಲು. ಅಂಗಡಿ ಹೋದ್ರೆ ಹೋಗ್ಲಿ, ನಾಲ್ಕು ಜನರ ಎದುರು ಹೇಳ್ಲಿಕ್ಕೆ ನನಗೊಂದು ಮಾತು ಸಿಕ್ಕಿತು," ಎಂದಳು ಝೊಹರಾ. ಅವಳ ದನಿಯಲ್ಲಿ ಅಣಕವಿರಲಿಲ್ಲ.

ಮೂರನೆಯ ಬೆಳಿಗ್ಗೆ ಬಸ್ಸುಗಳು ತುಂಬುವ ಹೊತ್ತು. ಬಿಳಿ ಕಾರು ಸದ್ದಿಲ್ಲದೆ ಬಂದು ಅಂಗಡಿಯ ಮುಂದೆ ನಿಂತಿತು. ಕಿಟಕಿ ಇಳಿಯಲಿಲ್ಲ, ಬಾಗಿಲು ತೆರೆಯಿತು. ಬೂ ರಾಶಿದ್ ಮೊದಲು ಊರುಗೋಲು ಇಳಿಸಿದರು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಬಸ್ಸಿಗೆ ಕಾಯುತ್ತಿದ್ದವರು ದಾರಿ ಬಿಟ್ಟರು. ಅವರು ನೆಟ್ಟಗೆ ಅಂಗಡಿಯ ಒಳಗೆ ಬಂದರು.

ಗೋಡೆ ಅವರದು, ಸೂರು ಅವರದು, ಚಹಾ ಕುಡಿದದ್ದು ಸಾವಿರಗಟ್ಟಲೆ ಲೋಟ. ಆದರೆ ಆ ಮನುಷ್ಯ ಈ ಹೊಸ್ತಿಲು ದಾಟಿದ್ದು ಇದೇ ಮೊದಲು. ಅವರು ಒಲೆ ನೋಡಿದರು, ಬೆವರಿಳಿಸುತ್ತಿದ್ದ ನಿಯಾಝನನ್ನು ನೋಡಿದರು, ಮಸಿ ಹಿಡಿದ ಪಾತ್ರೆ, ಏಲಕ್ಕಿ ಡಬ್ಬಿ, ತಿಕ್ಕಿ ತಿಕ್ಕಿ ಹೊಳಪೇರಿದ ಕಟ್ಟೆ, ಎಲ್ಲವನ್ನೂ ಒಂದೊಂದಾಗಿ ನೋಡಿದರು. ಕೂರಲು ಸುತ್ತ ತಿರುಗಿದರು. ಕೂರಲು ಏನೂ ಇರಲಿಲ್ಲ. ಯಾರೂ ಒಳಗೆ ಬರದ ಅಂಗಡಿಯಲ್ಲಿ ಕುರ್ಚಿ ಯಾಕಿರುತ್ತದೆ? ಜಲೀಲ್ ಗಡಿಬಿಡಿಯಿಂದ ಪೆಪ್ಸಿಯ ಖಾಲಿ ಕ್ರೇಟನ್ನು ಬೋರಲು ಹಾಕಿ ಹೆಗಲ ಟವೆಲ್ಲನ್ನೇ ಹಾಸಿದ. ಅವರು ಅದರ ಮೇಲೆ ಕುಳಿತರು.

ಊರುಗೋಲಿನ ತುದಿಯನ್ನು ಸೂರಿನ ಕಡೆಗೆ ಎತ್ತಿ ಮೆಲುದನಿಯಲ್ಲಿ ಕೇಳಿದರು, "ಮಲಗಿದ್ದಾಳಾ?"

"ಮಲಗಿದ್ದಾಳೆ, ಬಾಬಾ."

"ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು," ಎಂದರು ಅದೇ ಮೆಲುದನಿಯಲ್ಲಿ. "ನನ್ನ ಮೊಮ್ಮಕ್ಕಳು ನನಗೆ ಹೆದರಿ ನಿಜ ಹೇಳುವುದಿಲ್ಲ. ಬಾಡಿಗೆಯವರು ಹೇಳುವುದಿಲ್ಲ. ಆ ಔಷಧಿಯವನಂತೂ ನಾನು ಕೆಮ್ಮಿದರೂ ಹೊಗಳುತ್ತಾನೆ. ನೀನು ಹೇಳಿದೆ. ನಿನ್ನೆ ಅವನಿಗೆ ಬೇರೆ ಮೂಲೆ ನೋಡಿಕೊ ಎಂದು ಹೇಳಿ ಕಳಿಸಿದೆ."

ಜಲೀಲ್ ಒಂದು ಲೋಟ ಚಹಾ ತುಂಬಿ ಎರಡೂ ಕೈಯಲ್ಲಿ ಮುಂದೆ ಹಿಡಿದ. ಈ ಸಲ ಅವರು ತೆಗೆದುಕೊಂಡು ಕುಡಿದರು. ಬಾಗಿಲ ಬಳಿ ಬಸ್ಸಿನವರು ಗುಂಪುಗೂಡಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಬೂ ರಾಶಿದ್ ಕೈಬೀಸಿ ಅವರನ್ನೂ ಒಳಗೆ ಕರೆದರು. ಒಬ್ಬೊಬ್ಬರೇ ಬಂದರು, ಗೋಡೆಗೊರಗಿ ನಿಂತರು. ಇಡೀ ಅಂಗಡಿ ಪಿಸುಮಾತಿನಲ್ಲಿ ಚಹಾ ಕುಡಿಯಿತು.

"ಕುರ್ಚಿ ಹಾಕು," ಎಂದರು ಬೂ ರಾಶಿದ್ ಏಳುತ್ತ. "ನಾಳೆ ನನ್ನ ಗೆಳೆಯರನ್ನೂ ಕರೆತರುತ್ತೇನೆ. ಇವರಿಗೂ ಬೇಕಾಗುತ್ತದೆ. ಊರು ಇಷ್ಟು ದೊಡ್ಡದಾಗಿದೆ, ಕೂತು ಮಾತಾಡಲು ಒಂದು ಜಾಗ ಬೇಡವೇ?"

ಕಾರು ಸದ್ದಿಲ್ಲದೆ ಹೋಯಿತು. ಜಲೀಲನ ಎದೆ ತುಂಬಿ ಬಂದಿತ್ತು, ಕಣ್ಣೂ ತುಂಬಿತ್ತು. ತನ್ನ ಜೀವಮಾನದಲ್ಲಿ ಇಂಥ ಬೆಳಗು ಇನ್ನೊಂದಿಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಅಂಗಡಿಯ ಹಿಂದಕ್ಕೆ ಹೋಗಿ ಝೊಹರಾಳಿಗೆ ಫೋನ್ ಮಾಡಿದ.

"ಅವರು ಒಳಗೆ ಬಂದ್ರು ಝೊಹರಾ. ಕೂತು ಚಹಾ ಕುಡಿದ್ರು. ಅಂಗಡಿ ನಮ್ಗೇ. ನಾಳೆಗೆ ಕುರ್ಚಿ ಬೇಕಂತೆ, ಇಷ್ಟು ಬೇಗ ಎಲ್ಲಿಂದ ತರೂದು?"

ಅತ್ತಲಿಂದ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಮನೆಯದ್ದೇ ತೆಕ್ಕೊಂಡು ಹೋಗಿ," ಎಂದಳು ಝೊಹರಾ. "ನೀವು ಅದರ ಮೇಲೆ ಕೂತದ್ದು ನಾನಂತೂ ನೋಡಿಲ್ಲ."