ತಟ್ಟಿ ಅಳೆದ ಪೊಟ್ಟಣ

ಅಂಗಡಿಗೆ ಹೋದವರು ಪೆಟ್ಟಿಗೆಯೊಳಗೆ ಏನಿದೆ ಎಂದು ನೋಡುತ್ತಾರೆ. ಈ ಕಥೆಯ ಅಣ್ಣತಮ್ಮಂದಿರಲ್ಲಿ ಅಣ್ಣನಾದವನು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಹೆಂಡತಿ ಸಾಮಾನು ಆರಿಸಿಕೊಳ್ಳುತ್ತ ಮುಂದೆ ಹೋದರೆ ಇವನು ಹಿಂದೆಯೇ ನಿಂತು ಬಿಸ್ಕತ್ತಿನ ಪೆಟ್ಟಿಗೆಯ ಕಿವಿ, ಅಂದರೆ ಮುಚ್ಚಳಕ್ಕೆ ಮಡಚುವ ರಟ್ಟಿನ ತುಂಡು, ಬಿಚ್ಚಿ, ಅಂಟು ಎಲ್ಲಿ ಹಾಕಿದ್ದಾರೆ, ಮಡಿಕೆಯ ಗೆರೆಯಲ್ಲಿ ರಟ್ಟು ಬಿರಿದಿದೆಯೋ ಹೇಗೆ ಎಂದು ಇಣುಕುತ್ತಿದ್ದ. ಒಮ್ಮೆ ಅಂಗಡಿಯವನು ಕಳ್ಳನೆಂದು ಕೈ ಹಿಡಿದದ್ದೂ ಉಂಟು. "ಬಿಟ್ಬಿಡಿ ಪಾಪ, ಅವರು ಬಿಸ್ಕತ್ ಮುಟ್ಟೋದಿಲ್ಲ, ರಟ್ಟು ಮಾತ್ರ ತಿಂತಾರೆ" ಎಂದು ಹೆಂಡತಿಯೇ ಬಿಡಿಸಿಕೊಂಡು ಬಂದಿದ್ದಳು.

ಪುಡಿ ತುಂಬಿದ ಪೊಟ್ಟಣಗಳಿಗೆ ರಟ್ಟಿನ ಪೆಟ್ಟಿಗೆ ರೂಪಿಸುವುದು ಅವನ ಕಸುಬು. ಸೋಪಿಗೆ ಪೆಟ್ಟಿಗೆ ಮಾಡುವುದು ಏನು ಮಹಾ? ಸೋಪು ಇವತ್ತೊಂದು ಅಳತೆ, ನಾಳೆಯೊಂದು ಅಳತೆ ಇರುವುದಿಲ್ಲ. ಪೊಟ್ಟಣದ ಕಥೆ ಹಾಗಲ್ಲ. ನಿಲ್ಲಿಸಿದರೆ ಪುಡಿಯೆಲ್ಲ ತಳಕ್ಕೆ ಜಾರಿ, ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ. ಮಲಗಿಸಿದರೆ ಇನ್ನೆಲ್ಲೋ ಉಬ್ಬುತ್ತದೆ. ಇಂಥದ್ದರ ದಪ್ಪ ಎಷ್ಟು ಎಂದು ಕೇಳಿದರೆ ಯಾರು ಹೇಳಬೇಕು? ಅದಕ್ಕೇ ಅಪ್ಪ ತನ್ನ ಇಬ್ಬರು ಗಂಡುಮಕ್ಕಳಿಗೂ ಒಂದು ಪದ್ಧತಿ ಕಲಿಸಿದ್ದ. ಪೊಟ್ಟಣವನ್ನು ಮೇಜಿನ ಮೇಲೆ ಮಲಗಿಸು, ಅಂಗೈಯಿಂದ ಎರಡು ಸಲ ತಟ್ಟು, ಕೈಯ ಅಂಚಿನಿಂದ ಒಂದು ಸಲ ಸವರು, ಆಮೇಲೆ ಅಳೆ. ಕಾರ್ಖಾನೆಗಳಲ್ಲಿ ಪೆಟ್ಟಿಗೆ ತುಂಬುವ ಹೆಂಗಸರೂ ಪ್ರತಿ ಪೊಟ್ಟಣವನ್ನು ಹೀಗೇ ತಟ್ಟಿ, ಚಪ್ಪಟೆ ಮಾಡಿ ಒಳಗಿಡುತ್ತಿದ್ದರು. ತಟ್ಟದೆ ಅಳೆದರೆ, ಸ್ಕೇಲು ಹೊಟ್ಟೆಯ ಮೇಲೆ ಬಿದ್ದಾಗ ಪೆಟ್ಟಿಗೆ ದೊಗಲೆಯಾಗಿ, ಅಣ್ಣನ ಅಂಗಿ ತಮ್ಮ ಹಾಕಿಕೊಂಡ ಹಾಗೆ ಕಾಣುತ್ತಿತ್ತು; ಪುಡಿಯಿಲ್ಲದ ತೆಳು ಜಾಗದಲ್ಲಿ ಬಿದ್ದಾಗ ಬಿಗಿಯಾಗಿ ಉಬ್ಬುತ್ತಿತ್ತು.

ಅಪ್ಪ ಹೋದ ಮೇಲೆ ಅಣ್ಣತಮ್ಮಂದಿರು ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಕೆಲಸ ಮಾಡಿದರು. ಅಣ್ಣನಿಗೆ ಅಳತೆಯ ಹುಚ್ಚು. ಕಸುಬಿನವರು ಅವನನ್ನು 'ಮಿಲಿಮೀಟರ್' ಎಂದೇ ಕರೆಯುತ್ತಿದ್ದರು, ಅವನೂ ಆ ಹೆಸರಿಗೆ ಒಳಗೊಳಗೇ ಹಿಗ್ಗುತ್ತಿದ್ದ. ತಮ್ಮನದು ಸಲೀಸು ಕೈ. ಎಲ್ಲಿ ಗೀರಬೇಕು, ಎಲ್ಲಿ ಮಡಚಬೇಕು ಎಂದು ಅವನ ಬೆರಳುಗಳಿಗೇ ಗೊತ್ತಿತ್ತು. ಸಂಸಾರಗಳೂ ಹೊಂದಿಕೊಂಡಿದ್ದವು. ವಾರಗಿತ್ತಿಯರಿಬ್ಬರೂ ಗಂಡಂದಿರನ್ನು ಆಡಿಕೊಳ್ಳುವುದರಲ್ಲಿ ಒಂದೇ ಪಕ್ಷ.

ಕೆಟ್ಟದ್ದು ಒಂದು ಕಾಫಿಪುಡಿ ಕಂಪನಿಯ ಕೆಲಸದಲ್ಲಿ. ತಮ್ಮ ಅಳೆದು, ತಮ್ಮನೇ ಮಾಡಿದ ಪೆಟ್ಟಿಗೆ. ಕಂಪನಿಯವನು ಒಂದನ್ನು ತುಂಬಿಸಿಕೊಂಡು ಬಂದು, ಕೆಲಸಗಾರರೆಲ್ಲರ ಎದುರು ಮೇಜಿನ ಮೇಲೆ ಕುಕ್ಕಿದ. ನಾಲ್ಕೂ ಬದಿ ಉಬ್ಬಿ, ಮುಚ್ಚಳದ ಕಿವಿಗಳು ಕೂರದೆ ಎದ್ದು ನಿಂತಿದ್ದವು. ಅಣ್ಣನಿಗೆ ಕೋಪ ನೆತ್ತಿಗೇರಿತು.

"ಇದು ಬಾಕ್ಸ್ ಅಲ್ಲ, ದಿಂಬು" ಎಂದ. ಎಲ್ಲರೂ ನಕ್ಕರು. ನಕ್ಕದ್ದೇ ತಪ್ಪಾಯಿತು. ನಾಲಿಗೆಗೆ ರುಚಿ ಹತ್ತಿ ಅಣ್ಣ ಮುಂದುವರಿಸಿದ: "ತಟ್ಟದೇ ಅಳ್ದಿದೀಯ, ಸೋಮಾರಿ."

"ತಟ್ಟಿದೀನಿ ಅಣ್ಣ."

"ತಟ್ಟಿದ್ರೆ ಹೀಗ್ಯಾಕೆ ಉಬ್ಬುತ್ತೆ? ಅಪ್ಪ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ರು. ಕೆಲಸ ಕೆಟ್ರೆ ಕೆಡ್ಲಿ, ಸುಳ್ಳು ಬೇರೆ ಹೇಳ್ತೀಯಲ್ಲ!"

ತಮ್ಮ ತನ್ನ ಕತ್ತರಿ, ಸ್ಕೇಲು ಎತ್ತಿಕೊಂಡು ಹೊರಟುಹೋದ. ಕಂಪನಿಯವನು ಕೆಲಸವನ್ನು ಬೇರೆ ಯಾರಿಗೋ ಕೊಟ್ಟ. ಹಾಗಾಗಿ ಆ ಪೊಟ್ಟಣವನ್ನು ಅಣ್ಣ ಮರಳಿ ಅಳೆಯಲೇ ಇಲ್ಲ. ಅಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಕೆಲಸ ಶುರುಮಾಡಿದ ತಮ್ಮ. 'ದಿಂಬು' ಎಂಬ ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಎಷ್ಟೋ ವರ್ಷ ಕಳೆದರೂ ಅಣ್ಣತಮ್ಮಂದಿರದು ಎಣ್ಣೆ ಸೀಗೆಕಾಯಿ. ಮದುವೆ ಮುಂಜಿಗಳಲ್ಲಿ ಎದುರಾದರೆ ತಮ್ಮ ಅತ್ತಿಗೆಯನ್ನು ಮಾತಾಡಿಸಿ, ಅಣ್ಣನ ತಲೆಯ ಮೇಲಿಂದ ಗೋಡೆ ನೋಡುತ್ತಿದ್ದ. ಅವನ ಬಾಯಲ್ಲಿ 'ಅಣ್ಣ' ಹೋಗಿ 'ಅವರು' ಆಗಿತ್ತು. "ಅವರು ಚೆನ್ನಾಗಿದಾರಾ ಅತ್ತಿಗೆ?" ಎಂದು, ಮೂರು ಅಡಿ ದೂರದಲ್ಲಿ ನಿಂತವನ ಬಗ್ಗೆ ಕೇಳುತ್ತಿದ್ದ.

ಈಗ ಸೂಪಿನ ಪುಡಿಯ ಕಾರ್ಖಾನೆಯೊಂದು ಹೊಸ ಪೆಟ್ಟಿಗೆಗಾಗಿ ಇಬ್ಬರನ್ನೂ ಕರೆದಿತ್ತು. ಇಬ್ಬರಿಗೂ ಅದೇ ಪೊಟ್ಟಣ, ಒಂದು ಪೆಟ್ಟಿಗೆಗೆ ಆರು. ಯಾರದ್ದು ಸರಿಯಾಗಿ ಕೂರುತ್ತದೋ ಅವರಿಗೆ ಕೆಲಸ. ಅಣ್ಣನ ಹಳೆಯ ಗಿರಾಕಿಗಳು, ಇನ್ನೂ ಕೈಯಲ್ಲೇ ತಟ್ಟಿ ತುಂಬುವ ಸಣ್ಣ ಪುಟ್ಟವರು, ಒಬ್ಬೊಬ್ಬರಾಗಿ ಬಾಗಿಲು ಹಾಕುತ್ತಿದ್ದರು. ಇದು ಸಿಗದಿದ್ದರೆ ಅವನೂ ಹಾಕಬೇಕಾಗಿತ್ತು. ಆದರೆ ನಿಜ ಹೇಳಬೇಕೆಂದರೆ, ಬಾಗಿಲು ಹಾಕುವ ಭಯ ಅಷ್ಟಾಗಿ ಇರಲಿಲ್ಲ. ತಮ್ಮನ ಎದುರು ಸೋತು ಹಾಕಬೇಕಲ್ಲ, ಆ ಭಯ ಅವನ ಅನ್ನ ನಿದ್ದೆ ಎರಡನ್ನೂ ಕೆಡಿಸಿತ್ತು.

ಕಾರ್ಖಾನೆಯವರು ಅಲ್ಲಿಗೆ ಹೊಸ ಯಂತ್ರ ಬಂದಿದೆ, ತುಂಬುವುದೆಲ್ಲ ಅದೇ ಎಂದಿದ್ದರು. ಅಣ್ಣ ಯಂತ್ರದ ಬಗ್ಗೆ ಕೇಳಬೇಕಾದದ್ದನ್ನೆಲ್ಲ ಕೇಳಿದ. ಎಷ್ಟು ವೇಗ, ಯಾವ ಕಿವಿಯನ್ನು ಮೊದಲು ಮಡಚುತ್ತದೆ, ಅಂಟು ಆರಲು ಎಷ್ಟು ಹೊತ್ತು ಸಿಗುತ್ತದೆ. ಮನೆಗೆ ಬಂದು ಊಟದ ಮೇಜಿನ ಮೇಲೆ ಪೊಟ್ಟಣ ಮಲಗಿಸಿ, ಟಪ್ ಟಪ್ ಎಂದು ಎರಡು ತಟ್ಟಿ, ಒಮ್ಮೆ ಸವರಿ, ಅಳೆದ. ರಟ್ಟನ್ನು ಉದ್ದಕ್ಕೆ ಹಿಡಿಯಬೇಕೋ ಅಡ್ಡಕ್ಕೋ ಎಂದು ತಲೆ ಕೆಡಿಸಿಕೊಂಡು ಆರೇಳು ಮಾದರಿ ಕತ್ತರಿಸಿದ. ಕೊನೆಯದರಲ್ಲಿ ಆರೂ ಪೊಟ್ಟಣಗಳು ತಟ್ಟಿಸಿಕೊಂಡು ಒಳಗೆ ಹೋಗಿ, ಗುಮ್ಮನೆ ಕೂತವು. ಅಲ್ಲಾಡಿಸಿದರೂ ಸದ್ದಿಲ್ಲ.

"ನೋಡು ಹೇಗಿದೆ" ಎಂದು ಹೆಂಡತಿಯ ಮುಂದೆ ಹಿಡಿದ.

"ಚೆನ್ನಾಗಿದೆ. ಅಲ್ಲಿ ನಿಮ್ಮ ತಮ್ಮನೂ ಹೀಗೇ ಊಟದ ಮೇಜು ಬಿಟ್ಟುಕೊಡ್ತಿಲ್ವಂತೆ. ನಾವು ವಾರಗಿತ್ತಿಯರಿಬ್ಬರೂ ನೆಲದ ಮೇಲೆ ಕೂತು ಊಟ ಮಾಡ್ತಿದೀವಿ, ಅವಳಲ್ಲಿ, ನಾನಿಲ್ಲಿ."

"ಅವನ ಸುದ್ದಿ ನಂಗ್ಯಾಕೆ?"

"ಅಯ್ಯೋ, ನಾನು ಮೇಜಿನ ಸುದ್ದಿ ಹೇಳಿದ್ದು."

ಪರೀಕ್ಷೆಯ ದಿನ ಕಾರ್ಖಾನೆಯ ಉದ್ದನೆಯ ಹಾಲಿನಲ್ಲಿ, ಯಂತ್ರದ ಪಕ್ಕದಲ್ಲಿ, ಹತ್ತು ಹನ್ನೆರಡು ಜನ ನೆರೆದಿದ್ದರು. ಪ್ಯಾಕಿಂಗ್ ವಿಭಾಗದ ಮೇಡಂ ಕನ್ನಡಕವನ್ನು ತಲೆಗೇರಿಸಿಕೊಂಡು ನಿಂತಿದ್ದರು. ಯಂತ್ರದ ಆ ಬದಿ ತಮ್ಮ, ಈ ಬದಿ ಅಣ್ಣ. ತಮ್ಮನ ಕೂದಲು ಪೂರ್ತಿ ನೆರೆತಿತ್ತು. ತನ್ನದಕ್ಕಿಂತ ಮೊದಲೇ ನೆರೆತುಬಿಟ್ಟಿದೆಯಲ್ಲ ಎಂದು ಅಣ್ಣನಿಗೆ ಅನ್ನಿಸಿತು. ಅನ್ನಿಸಿದ್ದು ಇಷ್ಟವಾಗಲಿಲ್ಲ.

ಮೊದಲು ತಮ್ಮನ ಪೆಟ್ಟಿಗೆಗಳು. ಯಂತ್ರ ಪೊಟ್ಟಣಗಳನ್ನು ಸಾಲಾಗಿ ನಿಲ್ಲಿಸಿ, ಆರಾರನ್ನು ಒಟ್ಟಿಗೆ ಒಳಕ್ಕೆ ತಳ್ಳಿ, ಕಿವಿ ಮಡಚಿ, ಅಂಟಿಸಿ ಆಚೆಗೆ ಬಿಟ್ಟಿತು. ಬಂದ ಪೆಟ್ಟಿಗೆ ನಾಲ್ಕೂ ಬದಿ ಉಬ್ಬಿತ್ತು. ಎರಡನೆಯದೂ ಹಾಗೇ. ಮೂರನೆಯದರ ಮುಚ್ಚಳ ಎಲ್ಲರ ಕಣ್ಣೆದುರೇ ಫಟ್ಟೆಂದು ಬಿಚ್ಚಿಕೊಂಡಿತು. ಹಿಂದಿನಿಂದ ಯಾರೋ "ದಿಂಬು ಕಣ್ರೋ" ಎಂದು ಪಿಸುಗುಟ್ಟಿದರು. ಅಣ್ಣನಿಗೆ ಸಂತೋಷವಾಯಿತು. ಆಗಬಾರದಿತ್ತು, ಆಯಿತು. ಈಗಲೂ ಇವನು ತಟ್ಟುವುದಿಲ್ಲ ಎಂದುಕೊಂಡ.

ಆಮೇಲೆ ಅಣ್ಣನ ಪೆಟ್ಟಿಗೆಗಳು ಹೋದವು. ಮೊದಲನೆಯದು ಆಚೆಗೆ ಬಂದಾಗ ತಮ್ಮನದನ್ನೇ ಮತ್ತೆ ತೋರಿಸುತ್ತಿದ್ದಾರೆ ಎಂದು ಅವನು ಭಾವಿಸಿದ. ಅದೇ ಉಬ್ಬು, ಅದೇ ಎದ್ದು ನಿಂತ ಕಿವಿ. ಬದಿಯಲ್ಲಿ ತನ್ನದೇ ಕೈಬರಹದ ಗುರುತು ಕಂಡಾಗ ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಈ ಸಲ ಯಾರೂ ಪಿಸುಗುಟ್ಟಲಿಲ್ಲ. ಮಿಲಿಮೀಟರಿಗೆ ಹಾಗೆನ್ನುವ ಧೈರ್ಯ ಯಾರಿಗಿತ್ತು? ಹೇಳಲು ಹಕ್ಕಿದ್ದ ಒಬ್ಬನೇ ಒಬ್ಬ ಎದುರಿಗೇ ನಿಂತಿದ್ದ. ಅವನೂ ಹೇಳಲಿಲ್ಲ.

ಮೇಡಂ ಕನ್ನಡಕ ಇಳಿಸಿ, ಎರಡೂ ಪೆಟ್ಟಿಗೆಗಳನ್ನು ಬಿಚ್ಚಿ ಹರಡಿ, ಒಂದರ ಮೇಲೊಂದು ಇಟ್ಟರು. ಮೂಲೆಗೆ ಮೂಲೆ ಕೂತಿತು. ಗೆರೆಗೆ ಗೆರೆ ಕೂತಿತು.

"ಏನ್ರೀ ಇದು? ಒಂದು ಕೂದಲೂ ಹೆಚ್ಚು ಕಮ್ಮಿ ಇಲ್ಲ. ಯಾರು ಯಾರದನ್ನ ಕಾಪಿ ಹೊಡ್ದಿದೀರಾ? ಇಬ್ಬರೂ ಮಾತಾಡಿಕೊಂಡು ಬಂದಿದೀರಾ?"

"ಮಾತಾ?" ಎಂದ ತಮ್ಮ. ಅದೊಂದೇ ಪದ. ಹಾಲಿನಲ್ಲಿದ್ದ ಹಳಬರು ಕಿಸಕ್ಕೆಂದರು.

"ಹಾಗಾದ್ರೆ ಹೇಗೆ ಅಳ್ದಿರಿ? ಇಬ್ಬರೂ ಈಗಲೇ, ನನ್ನ ಮುಂದೆ ಅಳೆದು ತೋರಿಸಿ."

ಒಂದೊಂದು ಪೊಟ್ಟಣ ಕೊಟ್ಟು, ಮೇಜಿನ ಎರಡು ಬದಿಗೆ ನಿಲ್ಲಿಸಿದರು. ಅಣ್ಣ ತಮ್ಮನ ಕಡೆ ನೋಡದೆ ತನ್ನ ಕೆಲಸ ತಾನು ಮಾಡಿದ. ಪೊಟ್ಟಣ ಮಲಗಿಸಿದ. ಟಪ್ ಟಪ್. ಎದುರಿನಿಂದಲೂ ಅದೇ ಹೊತ್ತಿಗೆ ಟಪ್ ಟಪ್ ಎಂದಿತು. ಕೈಯ ಅಂಚಿನಿಂದ ಸವರಿದ. ಎದುರಿನ ಕೈಯೂ ಸವರಿತು. ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ಸ್ಕೇಲು ಹಿಡಿದ. ಆಗ ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅಣ್ಣ ತಲೆಯೆತ್ತಿದರೆ ಎದುರಿನ ತಲೆಯೂ ಎಡಕ್ಕೇ ವಾಲಿತ್ತು, ಅಲ್ಲೂ ಒಂದು ಕಣ್ಣು ಕಿರಿದಾಗಿತ್ತು. ಅಪ್ಪ ಅಳೆಯುತ್ತಿದ್ದದ್ದು ಹಾಗೆಯೇ.

ಮೇಡಂಗೂ ನಗು ತಡೆಯಲಾಗಲಿಲ್ಲ. "ಸರಿ ಹೋಯ್ತು! ನೀವೇನೋ ತಟ್ಟಿ ಅಳೀತೀರ. ನನ್ನ ಮಷಿನ್‌ಗೆ ತಟ್ಟೋಕೆ ಬರುತ್ತೇನ್ರೀ? ಹೊಟ್ಟೆ ಹೇಗಿದ್ಯೋ ಹಾಗೇ ತಳ್ಳುತ್ತೆ. ಮಷಿನ್ ಬಿಡಿ, ದೊಡ್ಡ ಕಂಪನಿಗಳಲ್ಲಿ ಕೈಯಲ್ಲಿ ತುಂಬೋ ಕಡೆಯೂ ತಟ್ಟೋದು ಬಿಟ್ಟು ಯಾವ ಕಾಲ ಆಯ್ತು. ಮೊದಲು ನಾನು ಒಂದು ಕಾಫಿಪುಡಿ ಕಂಪನಿಯಲ್ಲಿದ್ದೆ. ಅಲ್ಲೇ ನಿಲ್ಲಿಸಿದ್ರು. ತಟ್ಟುತಾ ಕೂತ್ರೆ ಲೇಟಾಗುತ್ತೆ, ಹಾಗೇ ತುರುಕಿ ಅಂತ. ಬಾಕ್ಸ್ ಮಾಡೋರಿಗೆ ಯಾರೂ ಹೇಳ್ಳೇ ಇಲ್ಲ. ರಾಶಿ ಬಾಕ್ಸು ಹಾಳಾಯ್ತು."

"ಯಾವ ಕಂಪನಿ?" ಎಂದು ಅಣ್ಣ ಕೇಳಿದ. ಅವರು ಹೇಳಿದರು. ಅದೇ ಕಂಪನಿ.

ಉಳಿದದ್ದು ಅಣ್ಣನ ಕಿವಿಗೆ ಅರ್ಧಂಬರ್ಧ ಬಿತ್ತು. ಸೋಮವಾರ ಸರಿಯಾದದ್ದು ತನ್ನಿ, ಇಬ್ಬರಿಗೂ ಇನ್ನೊಂದೇ ಅವಕಾಶ ಎಂದರು ಮೇಡಂ. ಜನ ಚದುರಿದರು. ಅಣ್ಣ ತನ್ನ ಉಬ್ಬಿದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ತನಕ ಬಂದ. ಅಲ್ಲಿ ತಮ್ಮ ಸ್ಕೂಟರಿನ ಬೀಗ ತೆಗೆಯುತ್ತಿದ್ದ.

"ಅವತ್ತು ನೀನು ತಟ್ಟಿದ್ದೆ" ಎಂದ ಅಣ್ಣ.

ತಮ್ಮ ಬಗ್ಗಿದವನು ಬಗ್ಗಿದಂತೆಯೇ ಇದ್ದ. "ಹೇಳಿದ್ನಲ್ಲ."

"ಸೋಮವಾರ ನಾನು ಬರಲ್ಲ. ಕೆಲಸ ನೀನೇ ತಗೋ."

"ಭಿಕ್ಷೆ ಕೊಡೋಕೆ ಬಂದ್ರಾ?" ತಮ್ಮ ನೆಟ್ಟಗೆ ನಿಂತ. "ದಿಂಬು ಅಂದಿದ್ದು ನಾನು ಮರೆತೆ. ತಮಾಷೆ ಅಂದ್ಕೊಂಡೆ. ಸುಳ್ಳುಗಾರ ಅಂದ್ರಲ್ಲ, ಅದೂ ಅಷ್ಟು ಜನರ ಎದುರು, ಅದನ್ನ ಗೇಟಿನ ಹತ್ರ ಒಬ್ಬನೇ ಸಿಕ್ಕಾಗ ವಾಪಸ್ ತಗೊಂಡ್ರೆ ನಡೆಯುತ್ತಾ?" ಸ್ಕೂಟರು ಹೊರಟಿತು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿದಳು. ಆಮೇಲೆ, "ಇಷ್ಟು ವರ್ಷ ನಿಮ್ಮ ತಮ್ಮನ ಹೆಂಡತಿ ಫೋನಿನಲ್ಲಿ ಅತ್ತಾಗೆಲ್ಲ ನಿಮ್ಮ ಪರ ಮಾತಾಡಿದೀನಲ್ರೀ" ಎಂದಳು.

ಮರುದಿನ ಬೆಳಿಗ್ಗೆ ಅವನು ಊರಿನ ಆ ತುದಿಗೆ ಹೋದ. ತಮ್ಮನ ಕೆಲಸದ ಕೋಣೆಗೆ ಅವನು ಕಾಲಿಟ್ಟದ್ದು ಅದೇ ಮೊದಲು. ರಟ್ಟಿನ ಹಾಳೆಗಳನ್ನು ತಮ್ಮನೂ ಅಪ್ಪನ ಹಾಗೇ ಬಾಗಿಲಿನಿಂದ ದೂರ, ಗೋಡೆಗೆ ಒರಗಿಸದೆ ಮಲಗಿಸಿದ್ದ. ನಾಲ್ಕೈದು ಕೆಲಸಗಾರರು ಅಂಟು ಹಚ್ಚುತ್ತಿದ್ದವರು ತಲೆಯೆತ್ತಿದರು. ಅವರಲ್ಲಿ ಇಬ್ಬರು ಅವತ್ತಿನ ಮೇಜಿನ ಬಳಿ ನಿಂತು ನಕ್ಕವರೇ.

ಅಣ್ಣನಿಗೆ ಭಾಷಣ ಬರುವುದಿಲ್ಲ. ನಿಂತಲ್ಲೇ ನಿಂತು ಹೇಳಿದ: "ಆ ಕಾಫಿಪುಡಿ ಬಾಕ್ಸು. ಇವನು ತಟ್ಟೇ ಅಳ್ದಿದ್ದ. ಸುಳ್ಳು ಹೇಳಿರಲಿಲ್ಲ. ತಪ್ಪು ನಂದು. ಎಲ್ಲರಿಗೂ ಹೇಳಿ, ಆಚೆಯವರಿಗೂ ಹೇಳಿ. ನಿನ್ನೆ ನನ್ನ ಬಾಕ್ಸೂ ದಿಂಬಾಯ್ತು."

ಹೊಸ ಕೆಲಸಗಾರರಿಗೆ ತಲೆಬುಡ ಗೊತ್ತಾಗಲಿಲ್ಲ. ಹಳಬರಿಬ್ಬರು ಅಂಟಿನ ಡಬ್ಬಿಯನ್ನು ವಿಪರೀತ ಗಮನವಿಟ್ಟು ಕಲಕತೊಡಗಿದರು. ತಮ್ಮ ಒಂದು ಸ್ಟೂಲನ್ನು ಕಾಲಿನಿಂದ ಈಚೆಗೆ ಸರಿಸಿದ. ಮೇಜಿನ ತನ್ನ ಬದಿಯಲ್ಲಿ ತಾನು ಕೂತ.

"ಹೇಗೂ ಸೋಮವಾರ ಇಬ್ಬರೂ ಮತ್ತೆ ಒಂದೇ ಅಳತೆ ತಗೊಂಡು ಹೋಗ್ತೀವಿ" ಎಂದ, ಗೋಡೆಯ ಕಡೆ ನೋಡುತ್ತ. "ಮೇಡಂ ಮತ್ತೆ ಕಾಪಿ ಅಂತಾರೆ. ಇಬ್ಬರೂ ಸೇರಿ ಒಂದೇ ಮಾಡಿದ್ರೆ ರಟ್ಟಾದ್ರೂ ಉಳಿಯುತ್ತೆ."

ಅಣ್ಣ ಸ್ಟೂಲಿನ ಮೇಲೆ ಕೂತ. ಸೂಪಿನ ಪೊಟ್ಟಣವೊಂದನ್ನು ತಮ್ಮ ತಂದು ಇಬ್ಬರ ನಡುವೆ ಮಲಗಿಸಿ, ಸ್ಕೇಲನ್ನು ಅಣ್ಣನ ಕಡೆ ತಳ್ಳಿದ. ಅಳತೆ ಯಾವತ್ತೂ ಅಣ್ಣನದು, ಮಡಿಕೆ ತಮ್ಮನದು. ಅಣ್ಣ ಕನ್ನಡಕ ಏರಿಸಿದ. ಎಲ್ಲ ಗೊತ್ತಿದ್ದೂ, ನಿನ್ನೆಯಷ್ಟೇ ಅಷ್ಟೆಲ್ಲ ಆಗಿದ್ದೂ, ಅವನ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು.

ಅದು ಇಳಿಯುವ ಮೊದಲೇ ತಮ್ಮ ಮೇಜಿನ ಆಚೆಯಿಂದ ಬಾಗಿ ಮುಂಗೈ ಹಿಡಿದುಕೊಂಡ.

"ತಟ್ಟಬೇಡ ಅಣ್ಣ" ಎಂದ.

ಪೊಟ್ಟಣ ಹೊಟ್ಟೆ ಬಿಟ್ಟುಕೊಂಡು ಹಾಗೇ ಬಿದ್ದಿತ್ತು. ತಮ್ಮ ಹಿಡಿದ ಕೈಯನ್ನು ಕೂಡಲೇ ಬಿಡಲಿಲ್ಲ.