ತಂಗಿಗೆ ಬಂದ ಗಂಡು

ಏಳು ತಿಂಗಳು ತುಂಬಿದಾಗ ಸೂಲಗಿತ್ತಿ ಚಿಕ್ಕಬೋರಮ್ಮ ಚಲುವಮ್ಮನ ಹೊಟ್ಟೆಯ ಮೇಲೆ ಎಣ್ಣೆಗೈ ಆಡಿಸಿ, ಎರಡೂ ಪಕ್ಕ ಮತ್ತೊಮ್ಮೆ ಒತ್ತಿ ನೋಡಿದಳು. ಆಮೇಲೆ, “ಮಗ ಅಡ್ಡ ಮಲಗೈತೆ ಕಣವ್ವ. ತಿರುಗ್ಬೋದು, ನೋಡನ,” ಅಂದಳು.

ಮಗು ಅಡ್ಡ ಮಲಗಿದರೆ ಏನಾಗುತ್ತದೆಂದು ಚಲುವಮ್ಮನಿಗೆ ಗೊತ್ತಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ತಾಯಿ ಹೀಗೇ ಕಷ್ಟಪಟ್ಟು ತಂಗಿ ಮಾಯಮ್ಮನನ್ನು ಹೆತ್ತು, ಎರಡನೇ ದಿನ ತೀರಿಕೊಂಡಿದ್ದಳು. ವರ್ಷ ತುಂಬುವ ಮೊದಲೇ ಅಪ್ಪ ದೊಡ್ಡಸಿದ್ದಯ್ಯ ಇನ್ನೊಬ್ಬಳನ್ನು ತಂದ. ಹಾಲು ಚೆಲ್ಲಿದ್ದಕ್ಕೆ ಆ ಹೆಂಗಸು ಎಳೆದ ಬರೆ ಚಲುವಮ್ಮನ ಮೊಣಕೈಯ ಮೇಲೆ ಇನ್ನೂ ಇತ್ತು. ಮಾಯಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಚಲುವಮ್ಮನೇ.

ಇದು ನಲವತ್ಮೂರನೇ ಇಸವಿಯ ಮಾತು. ಚಲುವಮ್ಮ ಆಗ ದುದ್ದದ ಪುಟ್ಟರಾಜುವಿನ ಹೆಂಡತಿ, ನಾಲ್ಕು ವರ್ಷದ ಅಂಕಮ್ಮನ ತಾಯಿ. ಸೂಲಗಿತ್ತಿ ಬಂದುಹೋದ ಮೇಲೆ ಮಗಳ ನುಣ್ಣನೆಯ ಮೊಣಕೈ ಕಂಡರೆ ಅವಳ ಕೈ ತನ್ನ ಬರೆಯ ಮೇಲೆ ಹೋಗುತ್ತಿತ್ತು. ಆ ಕೂಸಿಗೆ ತನ್ನ ಜಡೆ ತಾನೇ ಹೆಣೆದುಕೊಳ್ಳುವುದನ್ನು ಕಲಿಸಲು ಕುಳಿತಳು. ಬೆರಳು ಎಟುಕದೆ ಮಗು ಅಳುತ್ತಿತ್ತು.

ಅದೇ ವಾರ ದೊಡ್ಡಸಿದ್ದಯ್ಯ ಬಂದ. “ಮಳವಳ್ಳಿಯೋರು ಮಾಯಮ್ಮನ್ನ ಕೇಳ್ತಾವ್ರೆ. ಉಡ್ಗ ಇಸ್ಕೂಲ್ ಮೇಸ್ಟ್ರು. ಅವಳೂ ಒಪ್ಪವ್ಳೆ.”

ಚಲುವಮ್ಮ ಯೋಚಿಸಲೂ ಇಲ್ಲ. “ಆ ಮನೇಲಿ ಕ್ಷಯ ಐತಂತೆ ಕಣಪ್ಪ. ಬ್ಯಾಡ ಅಂದ್ಬುಡು,” ಅಂದಳು. ಅಪ್ಪ ನಂಬಿ ಹಾಗೇ ಹೇಳಿ ಕಳಿಸಿದ.

ಎಂಟನೇ ತಿಂಗಳಲ್ಲಿ ಮಾಯಮ್ಮ ಅಕ್ಕನ ಮನೆಗೆ ಕೆಲಸಕ್ಕೆ ನೆರವಾಗಲು ಬಂದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತ ಗಂಡನಿಗೆ ಚಲುವಮ್ಮ, “ನಾ ಸತ್ರೆ ಮಾಯಮ್ಮನ್ನೇ ಮಾಡ್ಕಳಿ. ಬ್ಯಾರೆಯೋಳ್ನ ತಂದು ನನ್ ಮಗಳ ಮುಂದೆ ನಿಲ್ಲಿಸ್ಬ್ಯಾಡಿ,” ಅಂದಳು. ಪುಟ್ಟರಾಜು ಮುದ್ದೆ ಮುರಿಯುತ್ತ, ತಲೆಯೆತ್ತದೆ, “ಆಯ್ತು” ಅಂದ. ಅವನು ಬೈಯುತ್ತಾನೆ, ಹಾಗೆಲ್ಲ ಆಗುವುದಿಲ್ಲ ಅನ್ನುತ್ತಾನೆ ಎಂದುಕೊಂಡಿದ್ದಳು. ಅವನೂ ಅದನ್ನೇ ಯೋಚಿಸಿದ್ದ.

ನೀರು ತಂದ ಮಾಯಮ್ಮ ಹೊಸಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಭಾವ ಹೊಲಕ್ಕೆ ಹೋದ ಮೇಲೆ ಒಳಗೆ ಬಂದಳು.

“ಅಕ್ಕಯ್ಯ, ಆ ಮೇಸ್ಟ್ರು ಮನೇಲಿ ಕ್ಷಯ ಇತ್ತಾ?”

ಚಲುವಮ್ಮ ನೆಲ ನೋಡಿದಳು. “ಇರ್ನಿಲ್ಲ.”

ಮಾಯಮ್ಮ ಅಳಲಿಲ್ಲ. “ನಾಳೆ ಮಂಡ್ಯದ ಆಸ್ಪತ್ರೆಗೆ ಓಗನ, ಏಳು.”

“ಅಲ್ಲಿ ಒಟ್ಟೆ ಕುಯ್ತಾರೆ ಕಣಮ್ಮಿ. ಅಲ್ಲಿಗೆ ಓದೋರು ತಿರುಗಿ ಬರಾಕಿಲ್ಲ. ಸತ್ರೆ ಇಲ್ಲೇ ಸಾಯ್ತೀನಿ, ಮಗಳ ಮೊಕ ನೋಡ್ಕಂಡು.”

“ಅಂಗಾರೆ ನಾನು ಇವತ್ತೇ ಊರ್ಗೋಯ್ತೀನಿ. ನೀ ಸತ್ರೂ ಈ ಮನೆಗೆ ಬರಾಕಿಲ್ಲ, ನಿನ್ ಮಗಳ್ನ ಸಾಕಾಕಿಲ್ಲ. ನನ್ನ ನೆಚ್ಕಂಡು ಸಾಯ್ಬ್ಯಾಡ.”

ಚಲುವಮ್ಮ ತಂಗಿಯ ಮುಖ ನೋಡಿದಳು. ಅದು ಬೆದರಿಕೆಯೋ ನಿಜವೋ ತಿಳಿಯಲಿಲ್ಲ. ಕತ್ತರಿಯ ಭಯಕ್ಕಿಂತ ಈ ಭಯ ದೊಡ್ಡದಾಗಿತ್ತು.

ಬೆಳಿಗ್ಗೆ ಗಾಡಿಗೆ ಹುಲ್ಲು ಹಾಸಿ ಹೊರಟರು. ದಾರಿಯುದ್ದಕ್ಕೂ ಒಂದೊಂದು ಕುಲುಕಿಗೂ ಚಲುವಮ್ಮ ತಂಗಿಯ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದಳು. ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮನೆಗೆ ಹೋಗಕೂಡದು ಅಂದರು. ಮೂರನೇ ವಾರ ನೋವು ಶುರುವಾಯಿತು. ಮೂಗಿಗೆ ಮತ್ತು ಬರಿಸುವ ಬಟ್ಟೆ ಹಿಡಿದಾಗ, ಇಷ್ಟೇ ನನ್ನ ಆಯಸ್ಸು ಎಂದುಕೊಂಡಳು. ಎಚ್ಚರವಾದಾಗ ಹೊಟ್ಟೆ ಬೆಂಕಿಯಂತೆ ಉರಿಯುತ್ತಿತ್ತು, ಪಕ್ಕದಲ್ಲಿ ಗಂಡುಮಗು ಅಳುತ್ತಿತ್ತು. ಬಾಗಿಲ ಬಳಿ ಮಾಯಮ್ಮ ಕುಸಿದು ಕೂತಿದ್ದಳು.

ಊರಿಗೆ ಮರಳಿದ ದಿನವೇ ಚಲುವಮ್ಮ, ಮಗು ನೋಡಲು ಬಂದ ಅಪ್ಪನ ಮುಂದೆ ಸುಳ್ಳು ಒಪ್ಪಿಕೊಂಡಳು. ದೊಡ್ಡಸಿದ್ದಯ್ಯ ಮಳವಳ್ಳಿಗೆ ಓಡಿದ. ಮೇಷ್ಟರಿಗೆ ಹಿಂದಿನ ತಿಂಗಳೇ ಮದುವೆಯಾಗಿತ್ತು.

ಎರಡು ವರ್ಷದ ಮೇಲೆ ಮಾಯಮ್ಮನನ್ನು ಸೋಮನಹಳ್ಳಿಗೆ ಕೊಟ್ಟರು. ಹೂ ಮುಡಿಸುವಾಗ ಚಲುವಮ್ಮ ಮೆಲ್ಲಗೆ ಕೇಳಿದಳು. “ನನ್ ಮ್ಯಾಲೆ ಸಿಟ್ಟು ಐತಾ?”

“ಐತೆ,” ಅಂದಳು ಮಾಯಮ್ಮ. “ನೀ ಒಳಗಿದ್ದಾಗ ಆ ಬಾಗಿಲ ತಾವ ಕುಂತು ಎಷ್ಟು ಎದರ್ಕಂಡಿದ್ದೆ ಗೊತ್ತಾ? ನಿನ್ ಜೀವಕ್ಕೊಂದು ಎದರಿಕೆ, ನೀ ಸತ್ರೆ ಭಾವನ್ನೇ ಕಟ್ಕಬೇಕಲ್ಲ ಅಂತ ನನ್ ಬಾಳಿಗೊಂದು. ಎರಡೂ ಒಂದೇ ಬಾಗಿಲಲ್ಲಿದ್ವು.”

ಚಲುವಮ್ಮ ಉಳಿದ ಹೂವನ್ನು ತಂಗಿಯ ಜಡೆಗೆ ಸಿಕ್ಕಿಸಿದಳು. ಹೊರಗೆ ಹೆಣ್ಣನ್ನು ಕರೆಯುತ್ತಿದ್ದರು. ಮಾಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.