ಗ್ರೈಂಡರ್ ಮುಟ್ಟಿದ ಜಾಗ

ಜಲಜಾ ಹಠ ಹಿಡಿದಳೆಂದರೆ ಮುಗಿಯಿತು, ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಗಂಡ ಸುದರ್ಶನನೂ ಎದುರಾಡುವುದಿಲ್ಲ. ಅಂಥವಳು ಆ ಶುಕ್ರವಾರ, ತಾನು ಕೆಲಸ ಮಾಡುವ ಘಾಜಿಯಾಬಾದಿನ ಪರೀಕ್ಷಾಲಯದಲ್ಲಿ, ತನ್ನೆದುರೇ ಹಠ ಹಿಡಿಯಬೇಕಾಯಿತು. ತಪ್ಪು ಅವಳದೇ ಆಗಿತ್ತು.

ಬೆಸುಗೆ ಹಾಕಿದ ಉಕ್ಕು ತಣಿದ ಮೇಲೂ ಅದರೊಳಗೆ ಎಳೆತ ಉಳಿದಿರುತ್ತದೆ. ಕಣ್ಣಿಗೆ ಕಾಣದ ಪೀಡೆ ಅದು. ಹೆಚ್ಚಾದರೆ ಒಂದು ದಿನ ಬಿರುಕು ಬಿಡಿಸುತ್ತದೆ. ಅಳೆಯಬೇಕಾದರೆ ಮೇಲೊಂದು ಹಿಗ್ಗು-ಕುಗ್ಗು ತೋರಿಸುವ ಗೇಜ್ ಅಂಟಿಸಿ, ಪುಟ್ಟ ತೂತು ಕೊರೆದು, ಉಕ್ಕು ಎಷ್ಟು ಸಡಿಲವಾಯಿತೆಂದು ನೋಡಬೇಕು. ಗೇಜ್ ಕೂರುವ ಜಾಗವನ್ನು ಎಮರಿ ಪೇಪರಿನಿಂದ ಕೈಯಲ್ಲೇ ಮೆಲ್ಲಗೆ ಉಜ್ಜಬೇಕು. ಹಿಂದಿನ ವಾರ ಅವಸರಕ್ಕೆ ಬಿದ್ದ ಈ ಮಹಾರಾಯಿತಿ ಕರೆಂಟಿನಿಂದ ತಿರುಗಿ ಉಜ್ಜುವ ಗ್ರೈಂಡರ್ ಹಿಡಿದಿದ್ದಳು! ಈಗ ಅಂದು ತೆಗೆದ ಫೋಟೋದಲ್ಲಿ ಅದರ ಗೆರೆಗಳನ್ನು ಕಂಡಾಗ ತಾನು ಮಾಡಿದ್ದೇನೆಂದು ಹೊಳೆಯಿತು. ಗ್ರೈಂಡರ್ ಮುಟ್ಟಿದ ಕಡೆ ಮೇಲ್ಪದರ ಬಿಗಿದುಕೊಂಡು ಒಳಗಿನ ಎಳೆತವನ್ನು ಮುಚ್ಚಿಬಿಡಬಹುದು, ಅಂಕಿ ನಿಜಕ್ಕಿಂತ ಕಡಿಮೆ ಬರಬಹುದು. ಎಳೆತದ ಮಿತಿ ಇನ್ನೂರು ಮೆಗಾಪಾಸ್ಕಲ್, ಅವಳ ಅಳತೆಗೆ ಬಂದದ್ದು ನೂರೈವತ್ತು. ಎಲ್ಲರಿಗೂ ಖುಷಿಯೋ ಖುಷಿ. ಅಳತೆಯಾದ ಎರಡು ಕ್ರೇನ್ ಫ್ರೇಮುಗಳು ಇನ್ನೂ ಪರೀಕ್ಷಾಲಯದ ಅಂಗಳದಲ್ಲಿದ್ದವು. ಸಂಜೆ ಅವನ್ನು ಒಯ್ಯಲು ಕಾರ್ಖಾನೆಯ ಲಾರಿ ಬರುವುದಿತ್ತು, ಆಮೇಲೆ ಅವುಗಳ ಕೆಳಗೆ ಜನ ನಿಂತು ಕೆಲಸ ಮಾಡುವುದಿತ್ತು.

ಅವಳು ವಿಷಯ ತಿಳಿಸಿದಾಗ ವಿಭಾಗದ ಮುಖ್ಯಸ್ಥ ಗುರುರಾಜರು ಬಾಗಿಲು ಮುಚ್ಚಿ ಬುದ್ಧಿ ಹೇಳಿದರು. ವರದಿಗೆ ಸಹಿ ಹಾಕುವ ಅಧಿಕಾರ ಅವಳಿಗೆ ಆರು ವರ್ಷ ಕಾದ ಮೇಲೆ ಸಿಕ್ಕಿದೆ, ಬಾಯಿಬಿಟ್ಟರೆ ಅದು ಹೋಗುತ್ತದೆ. ಹೇಗೂ ವರದಿಯಲ್ಲಿ ಅಳತೆಯ ಏರುಪೇರು ಪ್ಲಸ್ ಮೈನಸ್ ಮೂವತ್ತು ಎಂದು ಬರೆದಿದೆಯಲ್ಲ, ಅದರಲ್ಲೇ ಎಲ್ಲವೂ ಬಂತು ಎಂದರು.

ಜಲಜಾಗೆ ಆ ಅಧಿಕಾರದ ಮೇಲೆ ಆಸೆಯಿತ್ತು, ಇಲ್ಲವೆನ್ನಲು ಅವಳೇನು ಸನ್ಯಾಸಿನಿಯೇ? ಆದರೂ ಅವಳು ಒಪ್ಪಲಿಲ್ಲ.

"ಪ್ಲಸ್ ಮೈನಸ್ ಇರೋದು ನಮಗೆ ಗೊತ್ತಿಲ್ಲದ್ದಕ್ಕೆ ಸರ್. ಗೊತ್ತಿರೋ ತಪ್ಪನ್ನ ಅದರೊಳಗೆ ತುರುಕೋಕೆ ಆಗಲ್ಲ."

ಅಲ್ಲೇ ನಿಂತು ಕಾರ್ಖಾನೆಗೆ ಫೋನ್ ಮಾಡಿ ಲಾರಿ ನಿಲ್ಲಿಸಿದಳು. ತಪ್ಪು ತನ್ನದೆಂದು ಮೇಲಿನವರಿಗೆ ಬರೆದಳು. ಸೋಮವಾರ ಬಂದ ಉತ್ತರದಲ್ಲಿ ಸಹಿಯ ಅಧಿಕಾರ ಹೋಗಿತ್ತು. ಅವಳಿಗೆ ಬೇಸರವಾಯಿತು, ನಿಜ. ಆದರೂ ಸೆರಗು ಸಿಕ್ಕಿಸಿ, ಮೊದಲ ಫ್ರೇಮಿನಲ್ಲಿ ಹಳೆಯ ತೂತಿನಿಂದ ದೂರ ಬೇರೆ ಜಾಗ ಹುಡುಕಿ, ಹೆಗಲು ಸೋಲುವವರೆಗೆ ಕೈಯಿಂದಲೇ ಉಜ್ಜಿದಳು. ಹೊಸ ಗೇಜ್ ಅಂಟಿಸಿದಳು, ಕೊರೆದಳು.

ಇನ್ನೂರ ನಲವತ್ತು ಬಂತು. ಮೂವತ್ತು ಕಳೆದರೂ ಮಿತಿ ಮೀರಿತ್ತು.

ಗುರುರಾಜರು ಅಂಕಿಯನ್ನು ತಾವೇ ಬರೆದುಕೊಂಡರು. ಈ ಸಲವೂ ನೂರೈವತ್ತೇ ಬಂದಿದ್ದರೆ ಸುಮ್ಮನೆ ಅಧಿಕಾರ ಕಳೆದುಕೊಂಡಂತಾಗುತ್ತಿತ್ತಲ್ಲ ಎಂದು ಮೆಲ್ಲಗೆ ಕೇಳಿದರು.

"ಆಗ ಅದು ಸರಿಯಿದೆ ಅಂತ ಗೊತ್ತಾಗ್ತಿತ್ತಲ್ಲ ಸರ್," ಎಂದಳು ಜಲಜಾ. "ಶುಕ್ರವಾರ ನಮಗೆ ಅದೂ ಗೊತ್ತಿರಲಿಲ್ಲ."

ಗುರುರಾಜರು ಅಂಗಿಯ ತೋಳು ಮಡಚಿ, ಎರಡನೆಯ ಫ್ರೇಮನ್ನು ಉಜ್ಜಲು ಎಮರಿ ಪೇಪರ್ ಕೇಳಿದರು.